ಶೋಧಗಂಗಾ ವಿಮರ್ಶೆ: ಹಿಂದಿನಿಂದ ಓದಿದರೆ ಲಾಭ

ಪ್ರಶ್ನೆ ವಾಣಿಜ್ಯದ್ದಿರಲಿ, ಸಾಹಿತ್ಯದ್ದಿರಲಿ, ಪಂಚಾಯಿತಿ ರಾಜಕೀಯದ್ದಿರಲಿ, ರಕ್ತಹೀನತೆಯದ್ದಿರಲಿ, ಅದು ಒಂದು ತಾಲ್ಲೂಕಿನ ಮಟ್ಟಕ್ಕೆ ಇಳಿದ ಕೂಡಲೇ ದೊಡ್ಡ ಜರ್ನಲ್‌ಗಳು ಕೈಚೆಲ್ಲುತ್ತವೆ. ಹಾವೇರಿ ಜಿಲ್ಲೆಯ ಸ್ವಸಹಾಯ ಸಂಘಗಳ ಸಾಲ ಮರುಪಾವತಿ ಹೇಗಿದೆ, ಕಲಬುರಗಿ ಕಡೆಯ ತತ್ವಪದಕಾರರ ಮೇಲೆ ಯಾರು ಕೆಲಸ ಮಾಡಿದ್ದಾರೆ, ಗ್ರಾಮ ಪಂಚಾಯಿತಿಯ ಮಹಿಳಾ ಸದಸ್ಯರಲ್ಲಿ ಎಷ್ಟು ಮಂದಿ ಸಭೆಯಲ್ಲಿ ಬಾಯಿ ಬಿಡುತ್ತಾರೆ, ಇಂಥದಕ್ಕೆಲ್ಲ ಉತ್ತರ ಎಲ್ಲಾದರೂ ಇದ್ದರೆ ಅದು ಯಾವುದೋ ವಿಶ್ವವಿದ್ಯಾಲಯದ ಪಿಎಚ್‌ಡಿ ಮಹಾಪ್ರಬಂಧದಲ್ಲಿ. ಮೊದಲಾದರೆ ಅದನ್ನು ನೋಡಲು ಆಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಿ, ಪತ್ರ ಕೊಟ್ಟು, ಕಪಾಟಿನ ಬೀಗ ತೆಗೆಸಬೇಕಿತ್ತು. ಈಗ ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ಇದೆ. ಲಾಗಿನ್ ಬೇಡ, ಶುಲ್ಕವಿಲ್ಲ, ಸಂಸ್ಥೆಯ ಗುರುತಿನ ಚೀಟಿಯೂ ಬೇಡ.

ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ: ಸಂಗ್ರಹಕ್ಕೆ ಐದರಲ್ಲಿ ನಾಲ್ಕು, ಹುಡುಕಾಟಕ್ಕೆ ಎರಡು, ಕನ್ನಡದ ಬಳಕೆಗೆ ಒಂದೂವರೆ. ಇಲ್ಲಿರುವ ಪ್ರಬಂಧಗಳ ತೀರ್ಮಾನಗಳಿಗಾಗಿ ಹೋಗುವವರು ನಿರಾಶರಾಗುತ್ತಾರೆ. ಕೋಷ್ಟಕ, ಪ್ರಶ್ನಾವಳಿ, ಗ್ರಂಥಋಣಗಳಿಗಾಗಿ ಹೋಗುವವರಿಗೆ ಬೇರೆಲ್ಲೂ ಸಿಗದ ಸರಕು ಸಿಗುತ್ತದೆ.

ಇದನ್ನು ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ ಸಂಸ್ಥೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರ ನಿಯಮಾವಳಿಯಲ್ಲಿ ಎಂ.ಫಿಲ್ ಮತ್ತು ಪಿಎಚ್‌ಡಿ ಪ್ರಬಂಧಗಳ ಎಲೆಕ್ಟ್ರಾನಿಕ್ ಪ್ರತಿ ಸಲ್ಲಿಸುವುದನ್ನು ಕಡ್ಡಾಯ ಮಾಡಿದ್ದೇ ಇದರ ಬುನಾದಿ. ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತದೆ. ಪ್ರಬಂಧಗಳ ಸಂಖ್ಯೆ 5 ಲಕ್ಷ ದಾಟಿದೆ. ಮೈಸೂರು, ಧಾರವಾಡದ ಕರ್ನಾಟಕ, ಬೆಂಗಳೂರು, ಗುಲ್ಬರ್ಗಾ, ಮಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳು ಸೇರಿದಂತೆ ನಮ್ಮ ಕಡೆಯ ಹಳೆಯ ವಿಶ್ವವಿದ್ಯಾಲಯಗಳ ಪ್ರಬಂಧಗಳು ಇಲ್ಲಿವೆ. 2009ಕ್ಕಿಂತ ಹಿಂದಿನವನ್ನೂ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಪೇಟೆಂಟ್, ಪುಸ್ತಕ ಪ್ರಕಟಣೆ ಮುಂತಾದ ಕಾರಣಕ್ಕೆ ಕೆಲಕಾಲ ತಡೆಹಿಡಿದಿರುವ ಪ್ರಬಂಧಗಳೂ ಉಂಟು. ಅವುಗಳ ವಿವರ ಕಾಣುತ್ತದೆ, ಫೈಲು ತೆರೆಯುವುದಿಲ್ಲ.

ಒಂದು ಪ್ರಬಂಧದ ಪುಟ ತೆರೆದರೆ ಮೇಲೆ ಶೀರ್ಷಿಕೆ, ಸಂಶೋಧಕರು, ಮಾರ್ಗದರ್ಶಕರು, ಕೀವರ್ಡ್, ವಿಶ್ವವಿದ್ಯಾಲಯ, ಮುಗಿಸಿದ ದಿನಾಂಕ, ಸಾರಾಂಶ ಇರುತ್ತವೆ. ಕೆಳಗೆ ಪಿಡಿಎಫ್‌ಗಳ ಸಾಲು. ಇಡೀ ಪ್ರಬಂಧ ಒಂದೇ ಫೈಲಿನಲ್ಲಿ ಸಿಗುವುದಿಲ್ಲ, ಅಧ್ಯಾಯಕ್ಕೊಂದು ಫೈಲು. ಹೆಸರುಗಳು ಸಾಮಾನ್ಯವಾಗಿ 01 ಟೈಟಲ್, 02 ಪ್ರಿಲಿಮ್ ಪೇಜಸ್, 03 ಕಂಟೆಂಟ್, 04 ಅಬ್‌ಸ್ಟ್ರಾಕ್ಟ್, ಆಮೇಲೆ ಅಧ್ಯಾಯಗಳು, ಅನುಬಂಧ, ಕಟ್ಟಕಡೆಗೆ 80 ರೆಕಮೆಂಡೇಶನ್ ಎಂದಿರುತ್ತವೆ. ಹೊಸಬರು ಈ 80ನ್ನು ಯಾರದೋ ಶಿಫಾರಸು ಪತ್ರ ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದರಲ್ಲಿ ಇರುವುದು ಶೀರ್ಷಿಕೆ ಪುಟದ ಜೊತೆಗೆ ಕೊನೆಯ ಅಧ್ಯಾಯ, ಅಂದರೆ ಉಪಸಂಹಾರ ಮತ್ತು ಸಲಹೆಗಳು. ಮುನ್ನೂರು ಪುಟದ ಪ್ರಬಂಧ ನಿಮಗೆ ಬೇಕೋ ಬೇಡವೋ ಎಂಬುದು ಆ ಒಂದು ಫೈಲಿನಲ್ಲೇ ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ.

ಓದುವ ಕ್ರಮವೂ ಅದೇ: ಹಿಂದಿನಿಂದ. ಮೊದಲು 80, ನಂತರ ಅನುಬಂಧದಲ್ಲಿರುವ ಪ್ರಶ್ನಾವಳಿ ಮತ್ತು ಸಂದರ್ಶನ ಪಟ್ಟಿ, ಆಮೇಲೆ ಗ್ರಂಥಋಣ, ಆಮೇಲೆ ಅಧ್ಯಯನ ವಿಧಾನದ ಅಧ್ಯಾಯ, ಅದು ಒಪ್ಪಿಗೆಯಾದರೆ ಮಾತ್ರ ಕೋಷ್ಟಕಗಳಿರುವ ಅಧ್ಯಾಯ. 'ಪೂರ್ವ ಅಧ್ಯಯನಗಳ ಸಮೀಕ್ಷೆ' ಎಂಬ ಎರಡನೇ ಅಧ್ಯಾಯವನ್ನು ಹಾರಿಸಿ. ಬಹುಪಾಲು ಪ್ರಬಂಧಗಳಲ್ಲಿ ಅದು 'ಇಂಥವರು ಇಂಥ ವರ್ಷ ಹೀಗೆ ಹೇಳಿದ್ದಾರೆ' ಎಂಬ ಪ್ಯಾರಾಗಳ ಸರಮಾಲೆ. ಒಂದಕ್ಕೂ ಇನ್ನೊಂದಕ್ಕೂ ಮಾತುಕತೆಯೇ ಇರುವುದಿಲ್ಲ.

ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಪ್‌ಲೋಡ್ ಆದ ದಿನ. ಪ್ರಬಂಧ ಮುಗಿದ ವರ್ಷ ಬೇರೆ, ಕ್ಷೇತ್ರಕಾರ್ಯ ನಡೆದ ವರ್ಷ ಮತ್ತೂ ಬೇರೆ. ಮೂರನೆಯದು ವಿಧಾನದ ಅಧ್ಯಾಯದಲ್ಲಿ ಒಂದು ಸಾಲಿನಲ್ಲಿ ಅಡಗಿರುತ್ತದೆ, ಕೆಲವೊಮ್ಮೆ ಪ್ರಶ್ನಾವಳಿಯ ಮೂಲೆಯಲ್ಲಿ ಮಾತ್ರ. ಮಾಹಿತಿಯನ್ನು ಬಳಸುವವರಿಗೆ ಲೆಕ್ಕಕ್ಕೆ ಬರುವುದು ಅದೊಂದೇ.

ಇನ್ನು ಹುಡುಕಾಟ. ಇಲ್ಲಿ ಕನ್ನಡದವರ ಗೋಳು ದೊಡ್ಡದು. ಕನ್ನಡದಲ್ಲೇ ಬರೆದ ಪ್ರಬಂಧದ ಶೀರ್ಷಿಕೆಯನ್ನು ಕೆಲವರು ಕನ್ನಡ ಲಿಪಿಯಲ್ಲಿ ನಮೂದಿಸಿದ್ದಾರೆ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಾರೆ, ಇನ್ನು ಕೆಲವರು ಇಂಗ್ಲಿಷಿಗೆ ಅನುವಾದಿಸಿ ಹಾಕಿದ್ದಾರೆ. ಮೂರಕ್ಕೂ ಒಂದು ಕೊಂಡಿ ಇಲ್ಲ. ಆದ್ದರಿಂದ ಒಂದೇ ವಿಷಯವನ್ನು ಮೂರು ಬಗೆಯಲ್ಲಿ ಹುಡುಕಲೇಬೇಕು. ಇಂಗ್ಲಿಷ್ ಅಕ್ಷರದ ಬರವಣಿಗೆಯಲ್ಲೂ ಶಿಸ್ತಿಲ್ಲ. ದೀರ್ಘ 'ಆ'ಗೆ ಒಬ್ಬರು ಒಂದು 'ಎ' ಹಾಕಿದರೆ ಇನ್ನೊಬ್ಬರು ಎರಡು. 'ವ'ಗೆ ವಿ ಅಥವಾ ಡಬ್ಲ್ಯೂ. 'ಚ'ಗೆ ಸಿ ಮಾತ್ರ ಅಥವಾ ಸಿಎಚ್. 'ಶ', 'ಷ'ಗಳ ಪಾಡು ಕೇಳಬೇಡಿ. 'ವಚನ' ಎಂಬ ಮೂರಕ್ಷರದ ಪದಕ್ಕೇ ನಾಲ್ಕು ಕಾಗುಣಿತ ಪ್ರಯತ್ನಿಸಬೇಕು.

ಒಂದು ಉಪಾಯವಿದೆ. ಕನ್ನಡ ಪ್ರಬಂಧಗಳ ಶೀರ್ಷಿಕೆಗೆ 'ಒಂದು ಅಧ್ಯಯನ' ಎಂಬ ಬಾಲ ಅಂಟಿಕೊಂಡೇ ಇರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಆ ಎರಡು ಪದ ಹಾಕಿ, ವಿಶ್ವವಿದ್ಯಾಲಯದ ಹೆಸರನ್ನು ಫಿಲ್ಟರಿನಲ್ಲಿ ಕೊಟ್ಟರೆ ಕನ್ನಡ ಪ್ರಬಂಧಗಳು ಒಟ್ಟಿಗೆ ಮೇಲೆ ಬರುತ್ತವೆ. 'ಸಮೀಕ್ಷೆ', 'ಸಾಂಸ್ಕೃತಿಕ', 'ತೌಲನಿಕ' ಎಂಬವನ್ನೂ ಹಾಗೇ ಬಳಸಬಹುದು. ಅದೂ ಆಗದಿದ್ದರೆ ಹುಡುಕುವ ಗೊಡವೆಯೇ ಬೇಡ: ವಿಶ್ವವಿದ್ಯಾಲಯ, ಅದರೊಳಗೆ ಕನ್ನಡ ಅಧ್ಯಯನ ಸಂಸ್ಥೆ ಅಥವಾ ವಿಭಾಗ, ಅದರೊಳಗೆ ಶೀರ್ಷಿಕೆಗಳ ಪಟ್ಟಿ ಎಂದು ಇಳಿದು ಕಣ್ಣಾಡಿಸಿ. ನಿಧಾನದ ದಾರಿ, ಆದರೆ ಏನೂ ತಪ್ಪಿಹೋಗುವುದಿಲ್ಲ. ಮಾರ್ಗದರ್ಶಕರ ಹೆಸರಿನಿಂದ ಹುಡುಕುವುದು ಇನ್ನೂ ಚೆನ್ನ. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಒಂದೇ ವಿಷಯದ ಸುತ್ತ ಹಲವು ಪ್ರಬಂಧಗಳು ಬಂದಿರುತ್ತವೆ. ಒಂದು ಸಿಕ್ಕರೆ ಉಳಿದವೂ ಸಿಕ್ಕಂತೆ. ಹೆಸರಿನ ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎರಡನ್ನೂ ನೋಡಿ.

ಕನ್ನಡ ಲಿಪಿಯಲ್ಲಿ ಹುಡುಕುವಾಗ ಇನ್ನೊಂದು ತೊಡಕು. ಯೂನಿಕೋಡಿನಲ್ಲಿ 'ೋ' ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ತುಂಡುಗಳನ್ನು ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. 'ಲೋಕ' ಎಂದು ಹುಡುಕಿ ಏನೂ ಬರದಿದ್ದರೆ ಆ ಅಕ್ಷರವಿಲ್ಲದ ಬೇರೊಂದು ಪದ ಹಾಕಿ ನೋಡಿ.

ಹೊರಗಿನ ಸರ್ಚ್ ಎಂಜಿನ್‌ನಲ್ಲಿ 'ಸೈಟ್' ಆದೇಶ ಕೊಟ್ಟು ಶೋಧಗಂಗಾದ ವಿಳಾಸಕ್ಕೆ ಸೀಮಿತಗೊಳಿಸಿ ಹುಡುಕಿದರೆ ಹಲವು ಬಾರಿ ಒಳಗಿನ ಹುಡುಕಾಟಕ್ಕಿಂತ ಚೆನ್ನಾಗಿ ಸಿಗುತ್ತದೆ, ಏಕೆಂದರೆ ಅದು ಪಿಡಿಎಫ್ ಒಳಗಿನ ಪಠ್ಯವನ್ನೂ ಓದುತ್ತದೆ. ಇಂಗ್ಲಿಷ್ ಪ್ರಬಂಧಗಳಿಗೆ ಮಾತ್ರ ಈ ಮಾತು. ಕನ್ನಡದ ಪಿಡಿಎಫ್‌ಗಳ ಹೊಟ್ಟೆಯೊಳಗೆ ಏನಿದೆ ಎಂಬುದೇ ಬೇರೆ ಕಥೆ.

ಆ ಕಥೆ ಫಾಂಟಿನದು. ಕನ್ನಡ ಪ್ರಬಂಧಗಳಲ್ಲಿ ಬಹಳಷ್ಟು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದವು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ; ನಕಲಿಸಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಇದಕ್ಕೆ ಪರಿವರ್ತಕಗಳಿವೆ, ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಯಲ್ಲೇ ಬರುತ್ತವೆ. ಯಾವ ಫಾಂಟ್ ಎಂದು ತಿಳಿಯಲು ಪಿಡಿಎಫ್ ರೀಡರಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪಟ್ಟಿ ತೆಗೆಯಿರಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮೊದಲು ಪರೀಕ್ಷಿಸಿ: ಧರ್ಮ, ಕರ್ನಾಟಕ, ವರ್ಗ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪಿಡಿಎಫ್‌ನಿಂದ ತೆಗೆಯುವಾಗ ಸಾಲು ಒಡೆದರೆ ಈ ಅದಲುಬದಲು ಕೆಡುತ್ತದೆ.

ಸ್ಕ್ಯಾನ್ ಮಾಡಿದ ಪ್ರಬಂಧಗಳಿಗೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸುವ ತಂತ್ರಾಂಶ ಬೇಕು. ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯುವುದು ಕನ್ನಡಕ್ಕೆ ಸದ್ಯ ಸುಲಭದ ದಾರಿ. ಫೈಲು 2 ಎಂಬಿಯೊಳಗಿರಲಿ ಎಂದು ಅವರದೇ ಸೂಚನೆ. ಸ್ಕ್ಯಾನ್ ಅಧ್ಯಾಯಗಳು ಅದನ್ನು ಸುಲಭವಾಗಿ ಮೀರುವುದರಿಂದ ಬೇಕಾದ ಪುಟಗಳನ್ನಷ್ಟೇ ಬೇರ್ಪಡಿಸಿ ಹಾಕಿ. ಇಂಟರ್ನೆಟ್ ಬೇಡ ಎನ್ನುವವರಿಗೆ ಟೆಸರಾಕ್ಟ್ ಎಂಬ ಉಚಿತ ಓಸಿಆರ್ ತಂತ್ರಾಂಶದಲ್ಲಿ ಕನ್ನಡದ ಕಡತವಿದೆ. ಕೋಷ್ಟಕಗಳನ್ನು ಎರಡೂ ಹಾಳು ಮಾಡುತ್ತವೆ, ಅವನ್ನು ಕೈಯಲ್ಲೇ ಬರೆದುಕೊಳ್ಳುವುದು ಕ್ಷೇಮ. ಕನ್ನಡ ಅಂಕಿಗಳಿದ್ದರಂತೂ ೧ ಮತ್ತು ೦ ಎರಡೂ ಅನುಸ್ವಾರದ ನೆಂಟರಾಗಿಬಿಡುತ್ತವೆ.

ವಿಷಯವಾರು ನೋಡಿದರೆ ಸರಕಿನ ಗುಣಮಟ್ಟ ಏರುಪೇರು. ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಪ್ರಬಂಧಗಳಲ್ಲಿ ಮಾದರಿಯ ಗಾತ್ರವಾಗಿ, ಅಂದರೆ ಎಷ್ಟು ಜನರನ್ನು ಪ್ರಶ್ನಿಸಿದರು ಎಂಬಲ್ಲಿ, ಒಂದು ಸಂಖ್ಯೆ ಪದೇ ಪದೇ ಎದುರಾಗುತ್ತದೆ: 384. ಇದು ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕದಿಂದ ಬಂದದ್ದು. 1.96ರ ವರ್ಗವನ್ನು 0.25ರಿಂದ ಗುಣಿಸಿ 0.0025ರಿಂದ ಭಾಗಿಸಿದರೆ 384.16, ಶೇ 95 ವಿಶ್ವಾಸ, ಶೇ 5 ದೋಷಮಿತಿ. ಲೆಕ್ಕ ಸರಿಯೇ. ಆದರೆ ಅದು ನಿಲ್ಲುವುದು ಜನರನ್ನು ಪೂರ್ಣ ಯಾದೃಚ್ಛಿಕವಾಗಿ ಆರಿಸಿದಾಗ. ಅದೇ ಪುಟದಲ್ಲಿ ಎರಡು ಪ್ಯಾರಾ ಕೆಳಗೆ 'ಅನುಕೂಲಕ್ಕೆ ತಕ್ಕಂತೆ ಮಾದರಿ ಆರಿಸಲಾಗಿದೆ' ಎಂದಿದ್ದರೆ ಆ 384ಕ್ಕೆ ಅರ್ಥವಿಲ್ಲ, ದೋಷಮಿತಿಯ ಮಾತೇ ಏಳುವುದಿಲ್ಲ. ಸ್ವಸಹಾಯ ಸಂಘಗಳಂತೆ ಗುಂಪು ಗುಂಪಾಗಿ ಆರಿಸಿದ್ದರೆ, ಒಂದೇ ಸಂಘದವರ ಉತ್ತರಗಳು ಒಂದಕ್ಕೊಂದು ಹೋಲುವುದರಿಂದ ಮಾದರಿ ಇನ್ನೂ ದೊಡ್ಡದಿರಬೇಕು. ಗುಂಪಿನ ಪರಿಣಾಮ ಎರಡರಷ್ಟು ಎಂದುಕೊಂಡರೆ 768. ಇನ್ನೊಂದೆಡೆ ಒಟ್ಟು ಇರುವವರೇ 500 ಮಂದಿ ಆದರೆ ಅದೇ ಕೋಷ್ಟಕ ಕೇಳುವುದು 217 ಮಾತ್ರ. ಅಲ್ಲೂ 384 ಎಂದು ಬರೆದವರು ಕೋಷ್ಟಕದ ಕೊನೆಯ ಸಾಲನ್ನಷ್ಟೇ ನೋಡಿದ್ದಾರೆ.

ಇನ್ನೆರಡು ಕಡೆ ಕಣ್ಣಿಡಿ. ಎರಡು ಸಂಗತಿಗಳಿಗೆ ಸಂಬಂಧವಿದೆಯೇ ಎಂದು ನೋಡುವ ಕೈ-ಸ್ಕ್ವೇರ್ ಪರೀಕ್ಷೆಯ ಕೋಷ್ಟಕದಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಚೌಕಗಳು ಐದನೇ ಒಂದು ಪಾಲಿಗಿಂತ ಹೆಚ್ಚಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ವಯಸ್ಸು, ಜಾತಿ, ವಿದ್ಯಾಭ್ಯಾಸ ಎಂದು ಆರೇಳು ಸಾಲು ಮಾಡಿ ಐದು ಮೆಟ್ಟಿಲಿನ ಉತ್ತರಕ್ಕೆ ಅಡ್ಡ ಹಾಕಿದರೆ ಇದು ಆಗಿಯೇ ತೀರುತ್ತದೆ. ಎರಡನೆಯದು ಕ್ರೋನ್‌ಬಾಕ್ ಆಲ್ಫಾ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ. 0.7 ದಾಟಿದರೆ ಸಾಕು ಎಂಬುದು ವಾಡಿಕೆ. 0.95 ದಾಟಿದೆ ಎಂದು ಹೆಮ್ಮೆಯಿಂದ ಬರೆದಿದ್ದರೆ ಪ್ರಶ್ನಾವಳಿ ತೆಗೆದು ನೋಡಿ. ಒಂದೇ ಪ್ರಶ್ನೆಯನ್ನು ನಾಲ್ಕು ವೇಷದಲ್ಲಿ ಕೇಳಿರುವ ಸಾಧ್ಯತೆ ಹೆಚ್ಚು. ಇಷ್ಟಾದರೂ ವಾಣಿಜ್ಯದ ಪ್ರಬಂಧಗಳಲ್ಲಿ ಬೆಲೆಬಾಳುವುದು ಒಂದಿದೆ: ಸಹಕಾರಿ ಬ್ಯಾಂಕು, ಸಕ್ಕರೆ ಕಾರ್ಖಾನೆಗಳ ಹತ್ತು ಹದಿನೈದು ವರ್ಷಗಳ ವಾರ್ಷಿಕ ವರದಿಗಳಿಂದ ತೆಗೆದ ಅಂಕಿಗಳ ಕೋಷ್ಟಕ. ಮೂಲ ವರದಿಗಳು ಇಂದು ಆ ಸಂಸ್ಥೆಗಳಲ್ಲೇ ಸಿಗುವುದು ಕಷ್ಟ.

ರಾಜ್ಯಶಾಸ್ತ್ರದಲ್ಲಿ ಪಂಚಾಯತ್ ರಾಜ್ ಪ್ರಬಂಧಗಳ ರಾಶಿಯೇ ಇದೆ. ಬಲವಂತರಾಯ್ ಮೆಹ್ತಾ ಸಮಿತಿ 1957, ಅಶೋಕ್ ಮೆಹ್ತಾ ಸಮಿತಿ 1978, ಸಂವಿಧಾನದ 73ನೇ ತಿದ್ದುಪಡಿ ಎಂಬ ಇತಿಹಾಸದ ಅಧ್ಯಾಯ ಎಲ್ಲದರಲ್ಲೂ ಒಂದೇ, ಓದಬೇಡಿ. ಕ್ಷೇತ್ರಕಾರ್ಯದ ಕಾಲಕ್ಕೆ ಯಾವ ಕಾನೂನು ಇತ್ತು ಎಂಬುದನ್ನು ಹಿಡಿದು ನೋಡಿ. ಕರ್ನಾಟಕದ 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25 ಮೀಸಲು, ಆ ಕಾಯ್ದೆಯಡಿ ಚುನಾವಣೆ ನಡೆದದ್ದು 1987ರಲ್ಲಿ. 1993ರ ಕಾಯ್ದೆಯಲ್ಲಿ ಮೂರನೇ ಒಂದು, 2010ರಲ್ಲಿ ಶೇ 50. ಮೂರು ಕಾಲದ ಸಂದರ್ಶನಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಸರ್ಕಾರಿ ವರದಿಯಲ್ಲೂ ಇಲ್ಲದ ಹೋಲಿಕೆ ಸಿಗುತ್ತದೆ. ಕ್ಷೇತ್ರಕಾರ್ಯದ ವರ್ಷ ತಪ್ಪಿದರೆ ಹೋಲಿಕೆಯೇ ತಲೆಕೆಳಗು.

ಆರೋಗ್ಯದ ಪ್ರಶ್ನೆಗೆ ಶೋಧಗಂಗಾ ಅರ್ಧ ಮಾತ್ರ ಉಪಯೋಗ. ವೈದ್ಯರು ಎಂಡಿ, ಎಂಎಸ್‌ಗೆ ಬರೆಯುವ ಪ್ರಬಂಧಗಳು ಪಿಎಚ್‌ಡಿ ಅಲ್ಲವಾದ್ದರಿಂದ ಇಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಂಥವಕ್ಕೆ ತಮಿಳುನಾಡಿನ ಡಾ. ಎಂಜಿಆರ್ ವೈದ್ಯಕೀಯ ವಿಶ್ವವಿದ್ಯಾಲಯದ ಪ್ರತ್ಯೇಕ ಭಂಡಾರ ತೆರೆದಿದೆ. ಪೌಷ್ಟಿಕಾಂಶ, ಕೃಷಿ ಅರ್ಥಶಾಸ್ತ್ರ, ಗೃಹವಿಜ್ಞಾನ ಎಂದರೆ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧ ಭಂಡಾರವಾದ ಕೃಷಿಕೋಶಕ್ಕೆ ಹೋಗಿ. ಅಲ್ಲಿ ಎಂಎಸ್ಸಿ ಪ್ರಬಂಧಗಳೂ ಇವೆ. ಶೋಧಗಂಗಾದಲ್ಲಿ ಇರುವ ರಕ್ತಹೀನತೆಯ ಪ್ರಬಂಧಗಳನ್ನು ಬಳಸುವ ಮುನ್ನ ಹಿಮೋಗ್ಲೋಬಿನ್ ಅಳೆದದ್ದು ಹೇಗೆ ಎಂದು ನೋಡಲೇಬೇಕು. ಸಾಹ್ಲಿ ವಿಧಾನದಲ್ಲಿ ಬಣ್ಣವನ್ನು ಕಣ್ಣಿನಿಂದ ಹೋಲಿಸುತ್ತಾರೆ, ಅಳೆಯುವವರು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರ ಐದನೇ ಸುತ್ತಿನವರೆಗೆ ಬಳಸಿದ್ದು ಬೆರಳ ತುದಿಯ ರಕ್ತ ಮತ್ತು ಹಿಮೋಕ್ಯೂ ಯಂತ್ರ. ಎರಡನ್ನೂ ಒಂದೇ ಕೋಷ್ಟಕದಲ್ಲಿಟ್ಟು 'ರಕ್ತಹೀನತೆ ಇಳಿದಿದೆ' ಎನ್ನುವಂತಿಲ್ಲ.

ಸಾಹಿತ್ಯ ಮತ್ತು ಜಾನಪದದ ಪ್ರಬಂಧಗಳೇ ಈ ಭಂಡಾರದ ನಿಜವಾದ ಆಸ್ತಿ ಎನ್ನಬೇಕು. ವಿಮರ್ಶೆಯ ಭಾಗ ಸಪ್ಪೆಯಾಗಿದ್ದರೂ ಅನುಬಂಧದಲ್ಲಿ ಹಾಡುಗಳ ಪಠ್ಯ, ಸ್ಥಳೀಯ ಶಾಸನಗಳ ಪಟ್ಟಿ, ಸಣ್ಣ ಪ್ರಕಾಶನಗಳ ಪುಸ್ತಕಗಳ ವಿವರ, ನಿಂತುಹೋದ ಪತ್ರಿಕೆಗಳ ಸಂಚಿಕೆ ಸಂಖ್ಯೆ ಇರುತ್ತವೆ. ಕನ್ನಡದಲ್ಲಿ ಸಮಗ್ರ ಗ್ರಂಥಸೂಚಿ ಬೇಕಾದಾಗ ಒಂದೇ ಲೇಖಕರ ಮೇಲಿನ ಮೂರು ಪ್ರಬಂಧಗಳ ಗ್ರಂಥಋಣವನ್ನು ತಾಳೆ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಪ್ರಕಟಣೆಯ ವರ್ಷಗಳು ಮೂರರಲ್ಲೂ ಹೊಂದದೆ ಹೋದರೆ ಮೂಲ ಪುಸ್ತಕ ನೋಡುವವರೆಗೆ ಯಾವುದನ್ನೂ ಬರೆದುಕೊಳ್ಳಬೇಡಿ. ಮರುಮುದ್ರಣದ ವರ್ಷವನ್ನು ಮೊದಲ ಮುದ್ರಣ ಎಂದು ಹಾಕುವುದು ಸಾಮಾನ್ಯ.

ವಕ್ತೃಗಳ ಪಟ್ಟಿಯ ವಿಚಾರ ಬೇರೆ. ಹಳೆಯ ಜಾನಪದ, ಸಮಾಜಶಾಸ್ತ್ರ ಪ್ರಬಂಧಗಳಲ್ಲಿ ಮಾಹಿತಿ ಕೊಟ್ಟವರ ಹೆಸರು, ಜಾತಿ, ವಯಸ್ಸು, ಊರು, ಕೆಲವೊಮ್ಮೆ ಫೋಟೋ ಸಹಿತ ಇರುತ್ತದೆ. ಹಾಡು ಹೇಳಿದವರಿಗೆ ಅದು ಸಲ್ಲಬೇಕಾದ ಗೌರವ. ಆದರೆ ದೇವದಾಸಿ ಪದ್ಧತಿ, ಎಚ್‌ಐವಿ, ಕೌಟುಂಬಿಕ ಹಿಂಸೆಯ ಅಧ್ಯಯನದಲ್ಲೂ ಹಾಗೇ ಹಾಕಿದ್ದರೆ ಅದನ್ನು ಮತ್ತೆ ಎತ್ತಿ ಬರೆಯುವುದು ತಪ್ಪು. ಕಪಾಟಿನಲ್ಲಿದ್ದಾಗ ಹತ್ತು ಜನ ನೋಡುತ್ತಿದ್ದ ಪುಟವನ್ನು ಈಗ ಯಾರು ಬೇಕಾದರೂ ತೆರೆಯಬಹುದು.

ನಕಲಿಸುವ ಆಸೆಯವರಿಗೆ ಒಂದು ಮಾತು. ಇದರ ಜೊತೆಗಾರ ಸೇವೆ ಶೋಧಶುದ್ಧಿ, ಹೋಲಿಕೆ ಪತ್ತೆ ಹಚ್ಚುವುದು. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ದಂಡವಿಲ್ಲ. 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಉದ್ಧರಣೆ, ಗ್ರಂಥಋಣ, ಪಾರಿಭಾಷಿಕ ಪದಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಫಾಂಟಿನ ಕನ್ನಡ ಯಂತ್ರದ ಕಣ್ಣಿಗೆ ಕಾಣದು ಎಂಬ ಧೈರ್ಯದಲ್ಲಿರುವವರು ಪರೀಕ್ಷಕರಿಗೂ ಶೋಧಗಂಗಾ ಉಚಿತ ಎಂಬುದನ್ನು ಮರೆಯುತ್ತಾರೆ.

ಇದನ್ನು ಜರ್ನಲ್‌ಗಳಿಗೆ ಬದಲಿ ಎಂದುಕೊಳ್ಳಬೇಡಿ. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಇರುವವರಿಗೆ 2025ರ ಜನವರಿಯಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸಿಗುತ್ತಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟ ಆ ಯೋಜನೆಯ ಉಸ್ತುವಾರಿಯೂ ಇನ್‌ಫ್ಲಿಬ್‌ನೆಟ್‌ನದೇ. ಯಾವ ಸಂಸ್ಥೆಗೂ ಸೇರದ ಓದುಗರು, ಪತ್ರಕರ್ತರು, ಹವ್ಯಾಸಿ ಸಂಶೋಧಕರು ಅದರ ಹೊರಗೆ. ಅವರಿಗೆ ಬಾಗಿಲು ಮುಚ್ಚದ ಜಾಗಗಳಲ್ಲಿ ಶೋಧಗಂಗಾ ಒಂದು, ಆರೋಗ್ಯಕ್ಕೆ ಉಚಿತ ಲೇಖನಗಳ ಪಬ್‌ಮೆಡ್ ಸೆಂಟ್ರಲ್ ಇನ್ನೊಂದು.

ಉಲ್ಲೇಖಿಸುವಾಗ ಪಿಡಿಎಫ್‌ನ ಉದ್ದನೆಯ ಕೊಂಡಿ ಕೊಡಬೇಡಿ. ಪ್ರಬಂಧದ ಪುಟದಲ್ಲಿ ಯುಆರ್‌ಐ ಎಂಬಲ್ಲಿ 10603 ಎಂದು ಶುರುವಾಗುವ ಹ್ಯಾಂಡಲ್ ಸಂಖ್ಯೆ ಇರುತ್ತದೆ. ಶಾಶ್ವತ ವಿಳಾಸ ಅದು, ಸರ್ವರ್ ಬದಲಾದರೂ ಉಳಿಯುತ್ತದೆ. ಸಾಮಗ್ರಿಯ ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನದು: ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ಬದಲಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು. ಅಧ್ಯಾಯವೊಂದು ತೆರೆಯದಿದ್ದರೆ ಅಥವಾ ತಪ್ಪು ಫೈಲು ಅಂಟಿಕೊಂಡಿದ್ದರೆ ಆಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಶೋಧಗಂಗಾದ ಸಂಯೋಜಕರು ಎಂದೊಬ್ಬರಿರುತ್ತಾರೆ, ಅವರಿಗೆ ಹ್ಯಾಂಡಲ್ ಸಂಖ್ಯೆ ಸಹಿತ ಬರೆಯಿರಿ. ಫೈಲುಗಳನ್ನು ಸಿದ್ಧಪಡಿಸಿ ಕೊಡುವುದು ವಿಶ್ವವಿದ್ಯಾಲಯ, ಆದ್ದರಿಂದ ಗಾಂಧಿನಗರಕ್ಕೆ ಬರೆಯುವ ಮೊದಲು ಇಲ್ಲಿ ಕೇಳುವುದೇ ಹತ್ತಿರದ ದಾರಿ.